ಒಂದೇ ಕಾಪಿ, ಮೂರು ಮಾಧ್ಯಮ: ‘ಕನಾರ್ಟಕ’ ಹುಟ್ಟುವುದು ಎಲ್ಲಿ?

ಮಾಧ್ಯಮ ಸಂಯೋಗಕ್ಕೆ, ಅಂದರೆ ಬೇರೆ ಬೇರೆ ಮಾಧ್ಯಮಗಳು ಒಂದಾಗಿ ಕೆಲಸ ಮಾಡುವುದಕ್ಕೆ, ತರಗತಿಯಲ್ಲಿ ಕೊಡುವ ಉದಾಹರಣೆ ಅಮೆರಿಕದ ಟ್ಯಾಂಪಾ. 2000ರಲ್ಲಿ ಮೀಡಿಯಾ ಜನರಲ್ ಕಂಪನಿ ಅಲ್ಲಿನ ತನ್ನ ಪತ್ರಿಕೆ, ಟಿ.ವಿ. ವಾಹಿನಿ, ಜಾಲತಾಣ ಮೂರನ್ನೂ ಒಂದೇ ಕಟ್ಟಡಕ್ಕೆ ತಂದಿತು. ಪರೀಕ್ಷೆಗೆ ಅಷ್ಟು ಸಾಕು. ಕನ್ನಡದ ಸುದ್ದಿಮನೆಗೆ ಹೋಗುವವರಿಗೆ ಇನ್ನೊಂದು ತಿಳಿವಳಿಕೆ ಬೇಕು: ಮುದ್ರಣದ ಕಾಪಿ (ವರದಿಯ ಬರಹ) ವೆಬ್‌ಗೆ ದಾಟುವಾಗ ಏನೇನು ಕೆಡುತ್ತದೆ? ಮೊದಲು ಕೆಡುವುದು ಅಕ್ಷರವೇ.

ಅರ್ಕಾವತ್ತಿನ ಜಾಗ

ಪುಟ ವಿನ್ಯಾಸಕ್ಕಾಗಿ ನುಡಿ, ಬರಹ ತಂತ್ರಾಂಶಗಳ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ) ಫಾಂಟ್‌ಗಳಲ್ಲಿ ಟೈಪಿಸಿದ ಕಾಪಿಯಲ್ಲಿ ಅಕ್ಷರದ ತುಂಡುಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ ಕೂರುತ್ತವೆ. ‘ಕರ್ನಾಟಕ’ ಎಂದರೆ ಅಲ್ಲಿ ಕ, ನಾ, ಅರ್ಕಾವತ್ತು (ಅಕ್ಷರದ ಬಲಕ್ಕೆ ಬರೆಯುವ ‘ರ್’ ಗುರುತು), ಟ, ಕ. ವೆಬ್‌ಗೆ ಬೇಕಾದ ಯೂನಿಕೋಡ್ ಸಂಕೇತ ವ್ಯವಸ್ಥೆ ಹಿಡಿಯುವುದು ಉಚ್ಚಾರದ ಕ್ರಮ: ಕ, ರ್, ನಾ, ಟ, ಕ. ಹಾಗಾಗಿ ಆಸ್ಕಿಯನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವು ಅರ್ಕಾವತ್ತನ್ನು ಎತ್ತಿ ‘ನಾ’ಗಿಂತ ಮುಂಚೆ ಇಡಬೇಕು. ಇದ್ದಲ್ಲೇ ‘ರ್’ ಮಾಡಿದರೆ ‘ಕನಾರ್ಟಕ’ ಆಗುತ್ತದೆ. ಇದೇ ಕಾರಣಕ್ಕೆ ‘ಸರ್ಕಾರ’ ‘ಸಕಾರ್ರ’ವಾಗುತ್ತದೆ, ‘ವರ್ಷ’ ‘ವಷರ್’ ಆಗುತ್ತದೆ. ‘ಸಾಮರ್ಥ್ಯ’ದಂಥ ಪದದಲ್ಲಿ ವ್ಯಂಜನ, ಅದರ ಒತ್ತು ಎರಡನ್ನೂ ದಾಟಿಸಬೇಕು, ಒಂದೇ ಹೆಜ್ಜೆ ಹಿಂದಿಟ್ಟರೆ ಸಾಲದು.

ಕಣ್ಣಿಗೆ ಇದು ಸಣ್ಣ ತಪ್ಪು. ಆದರೆ ‘ಕರ್ನಾಟಕ’ ಎಂದು ಹುಡುಕುವ ಓದುಗನಿಗೆ ಆ ವರದಿ ಸಿಗದೇ ಹೋಗಬಹುದು. ಸುದ್ದಿಯನ್ನು ಓದಿ ಹೇಳುವ ತಂತ್ರಾಂಶವೂ ‘ಕನಾರ್ಟಕ’ ಎಂದೇ ಓದುತ್ತದೆ. ಕಣ್ಣು ಕಾಣದ ಓದುಗರಿಗೆ ನಾವು ಕೊಡುವ ಕನ್ನಡ ಅದು.

ಪರಿಹಾರ ಸುಲಭ. ಪರಿವರ್ತಿಸಿದ ಕಾಪಿಯಲ್ಲಿ ‘ರ್’ ಹುಡುಕಿ, ಒಂದೊಂದರ ಬಳಿಯೂ ನಿಲ್ಲಿ. ಪದದ ಕೊನೆಯಲ್ಲಿ ‘ರ್’ ಇದ್ದರೆ ಅದು ‘ಡಾಕ್ಟರ್’, ‘ಮೀಟರ್’ನಂಥ ಎರವಲು ಪದವೇ ನೋಡಿ, ಅಲ್ಲದಿದ್ದರೆ ಬಹುಪಾಲು ಪರಿವರ್ತನೆಯ ತಪ್ಪು. ಶೀರ್ಷಿಕೆ, ಹೆಸರು, ಊರನ್ನು ಮೊದಲು ನೋಡಬೇಕು.

ತಿರುಗುಮುರುಗಾದ ತೊಂದರೆ ‘ರ‍್ಯಾಲಿ’ಯದು. ಇಲ್ಲಿ ‘ರ’ ಪೂರ್ತಿ ಉಳಿದು ಕೆಳಗೆ ಯ-ಒತ್ತು ಬರಬೇಕು. ‘ರ’ ಆದ ಮೇಲೆ, ಹಲಂತ ಚಿಹ್ನೆಗಿಂತ (‘್’) ಮುಂಚೆ, ಕಣ್ಣಿಗೆ ಕಾಣದ ಜೋಡಕ ಸಂಕೇತ (ZWJ) ಇರಲೇಬೇಕು. ಕಾಪಿ-ಪೇಸ್ಟ್‌ನಲ್ಲಿ ಅದು ಉದುರಿದರೆ ‘ರ್ಯಾಲಿ’ ಉಳಿಯುತ್ತದೆ.

ಆಸ್ಕಿ ಕಾಪಿಯ ನಡುವೆ ಇಂಗ್ಲಿಷ್ ಸಂಕ್ಷೇಪ, ಜಾಲತಾಣದ ವಿಳಾಸ ಇದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದೇ ಓದುತ್ತದೆ. ನುಡಿ ಫಾಂಟ್‌ನಲ್ಲಿ ಇಂಗ್ಲಿಷಿನ ದೊಡ್ಡ ‘ಎ’ ಇರುವ ಸ್ಥಾನ ಅನುಸ್ವಾರದ್ದು. ಇವನ್ನು ಪರಿವರ್ತನೆಯ ನಂತರ ಕೈಯಾರೆ ಟೈಪಿಸಿ.

‘ಇಂದು’, ‘ನಿನ್ನೆ’

ಪತ್ರಿಕೆ ಮರುದಿನ ಬೆಳಿಗ್ಗೆ ಓದುವಂಥದ್ದು, ವೆಬ್ ಈ ಕ್ಷಣಕ್ಕೂ ಆರು ತಿಂಗಳ ನಂತರಕ್ಕೂ. ‘ಇಂದು’, ‘ನಿನ್ನೆ’ ಅಥವಾ ವಾರದ ಹೆಸರು ಮುದ್ರಣಕ್ಕೆ ಸಾಕು. ವೆಬ್‌ಗೆ ತಾರೀಕೂ ಬೇಕು.

ವಿಡಿಯೊ

ಅಡ್ಡ ಚೌಕಟ್ಟು 1920×1080, ರೀಲ್ಸ್‌ಗೆ ಉದ್ದ ಚೌಕಟ್ಟು 1080×1920. ಒಂದೇ ಸಲ ಚಿತ್ರಿಸಿ ಎರಡಕ್ಕೂ ಬಳಸುವುದಾದರೆ ಅಡ್ಡವಾಗಿ ತೆಗೆದು, ಮಾತನಾಡುವವರನ್ನು ನಡುವಿನ ಮೂರನೇ ಒಂದು ಭಾಗದಲ್ಲಿ ನಿಲ್ಲಿಸಬೇಕು. ಬದಿಯಲ್ಲಿ ನಿಂತವರು ಕತ್ತರಿಸಿದಾಗ ಕಾಣೆಯಾಗುತ್ತಾರೆ. ಪ್ರತಿ ಶಾಟ್ ಕನಿಷ್ಠ 10 ಸೆಕೆಂಡ್ ಅಲುಗದಿರಲಿ.

ತಿದ್ದುಪಡಿ

ವೆಬ್ ವರದಿಯನ್ನು ತಿದ್ದಿ, ತಿದ್ದಿದ್ದೇನೆಂದು ಕೆಳಗೆ ಬರೆಯಬಹುದು. ಪತ್ರಿಕೆ ಮರುದಿನ ಪ್ರಕಟಿಸುತ್ತದೆ. ಯೂಟ್ಯೂಬ್‌ನಲ್ಲಿ ಅದೇ ಕೊಂಡಿಯಲ್ಲಿ ಬೇರೆ ವಿಡಿಯೊ ಇಡಲು ಬರುವುದಿಲ್ಲ; ತಪ್ಪಿದ ಭಾಗ ಕತ್ತರಿಸಬೇಕು, ಇಲ್ಲವೇ ಅಳಿಸಿ ಹೊಸದಾಗಿ ಹಾಕಬೇಕು. ವಾಟ್ಸ್ಆ್ಯಪ್‌ನಲ್ಲಿ ಹೋದ ಕಾರ್ಡ್ (ಚಿತ್ರರೂಪದ ಸುದ್ದಿ) ಕೈತಪ್ಪಿದಂತೆಯೇ. ಆದ್ದರಿಂದ ಹೆಸರು, ವಯಸ್ಸು, ಸಾವಿನ ಸಂಖ್ಯೆಯನ್ನು ವೆಬ್ ಕಾಪಿಯಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಕಾರ್ಡ್ ಮತ್ತು ವಿಡಿಯೊ ಮೇಲಿನ ಬರಹದ ಪಟ್ಟಿಗೆ ಏರಿಸಬೇಕು.