ಉಣಕಲ್‌ನಲ್ಲಿ ಹತ್ತುವವರಿಲ್ಲದಿದ್ದರೂ ಆ ನಿಲ್ದಾಣ ಏಕೆ ಬೇಕು?

ಪ್ರಶ್ನೆ: ಹುಬ್ಬಳ್ಳಿ–ಧಾರವಾಡ ನಡುವಿನ ಉಣಕಲ್, ಅಮರಗೋಳ, ನವಲೂರು ನಿಲ್ದಾಣಗಳಲ್ಲಿ ಹತ್ತಿಳಿಯುವವರು ಬೆರಳೆಣಿಕೆಯಷ್ಟು. ಅವುಗಳನ್ನು ಮುಚ್ಚಿದರೆ ರೈಲುಗಳು ಬೇಗ ಓಡುವುದಿಲ್ಲವೇ?

ಉತ್ತರ: ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ರೈಲು ನಿಲ್ದಾಣವೆಂದರೆ ಬಸ್ ಸ್ಟಾಪಿನಂತೆ ಜನ ಹತ್ತಿಳಿಯುವ ಜಾಗ ಮಾತ್ರ ಎಂಬ ತಪ್ಪು ತಿಳಿವಳಿಕೆಯೇ ಇದರ ಬೇರು. ಬಸ್ ಸ್ಟಾಪನ್ನು ಕಿತ್ತರೆ ರಸ್ತೆಗೆ ಏನೂ ಆಗುವುದಿಲ್ಲ; ಇಂಥ ನಿಲ್ದಾಣವನ್ನು ಮುಚ್ಚಿದರೆ ಹಳಿಯ ಸಾಮರ್ಥ್ಯವೇ ಕುಗ್ಗುತ್ತದೆ.

ಎದುರಿಗೆ ಏನಾದರೂ ಕಂಡ ಕೂಡಲೇ ರೈಲನ್ನು ನಿಲ್ಲಿಸಲಾಗದು. ಆದ್ದರಿಂದ ಎರಡು ನಿಲ್ದಾಣಗಳ ನಡುವಿನ ಹಳಿಯನ್ನು ಒಂದು ಬ್ಲಾಕ್ ಎಂದು ಎಣಿಸಿ, ಅದರೊಳಗೆ ಒಂದು ಹೊತ್ತಿಗೆ ಒಂದೇ ಗಾಡಿಯನ್ನು ಬಿಡುತ್ತಾರೆ. ಮುಂದಿನ ನಿಲ್ದಾಣದಿಂದ ಲೈನ್ ಕ್ಲಿಯರ್, ಅಂದರೆ ಹಳಿ ಖಾಲಿಯಿದೆ, ಗಾಡಿ ಬಿಡಬಹುದು ಎಂಬ ಅನುಮತಿ, ಸಿಗದೆ ಸ್ಟೇಷನ್ ಮಾಸ್ತರರು ಗಾಡಿ ಬಿಡುವಂತಿಲ್ಲ. ಕೊನೆಯ ಡಬ್ಬಿಯ ಹಿಂದೆ ತೂಗುವ ‘ಎಲ್‌ವಿ’ (ಲಾಸ್ಟ್ ವೆಹಿಕಲ್, ಅಂದರೆ ಕೊನೆಯ ಡಬ್ಬಿ) ಹಲಗೆಯನ್ನು ನೀವು ನೋಡಿರುತ್ತೀರಿ. ಗಾಡಿ ನಿಲ್ಲದೆ ಹೋದರೂ ಮುಂದಿನ ನಿಲ್ದಾಣದವರು ಆ ಗುರುತನ್ನು ನೋಡಿ, ಯಾವ ಡಬ್ಬಿಯೂ ಕಳಚಿ ಹಿಂದೆ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಬ್ಲಾಕ್ ಖಾಲಿಯಾಯಿತೆಂದು ತಿಳಿಸುತ್ತಾರೆ.

ಈಗ ಲೆಕ್ಕ ಹಾಕಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿ.ಮೀ. ನಡುವೆ ಒಂದೂ ನಿಲ್ದಾಣವಿಲ್ಲದಿದ್ದರೆ, ಗಂಟೆಗೆ 60 ಕಿ.ಮೀ. ವೇಗದ ಗಾಡಿಯೊಂದು ಧಾರವಾಡ ಮುಟ್ಟುವ 20 ನಿಮಿಷವೂ ಹಿಂದಿನ ಗಾಡಿ ಹುಬ್ಬಳ್ಳಿಯಲ್ಲೇ ಕಾಯಬೇಕು. ಮೂರು ನಿಲ್ದಾಣಗಳು ಈ ದಾರಿಯನ್ನು ನಾಲ್ಕು ತುಂಡು ಮಾಡುವುದರಿಂದ ಆ ಕಾಯುವಿಕೆ ಸರಾಸರಿ 5 ನಿಮಿಷಕ್ಕೆ ಇಳಿಯುತ್ತದೆ. ಜೋಡಿ ಹಳಿ ಇದ್ದರೂ ಈ ಲೆಕ್ಕ ತಪ್ಪುವುದಿಲ್ಲ, ಏಕೆಂದರೆ ಒಂದೇ ದಿಕ್ಕಿನಲ್ಲಿ ಒಂದರ ಹಿಂದೊಂದು ಹೋಗುವ ಗಾಡಿಗಳ ನಡುವಿನ ಅಂತರದ ಮಾತು ಇದು. ಇನ್ನು, ಗೂಡ್ಸ್ ಗಾಡಿಯನ್ನು ಪಕ್ಕದ ಲೂಪ್ ಲೈನಿಗೆ ಸರಿಸಿ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡುವುದಕ್ಕೂ ನಡುದಾರಿಯ ನಿಲ್ದಾಣವೇ ಬೇಕು. ಸಿಗ್ನಲ್ಲಾಗಲಿ ಸ್ಟೇಷನ್ ಮಾಸ್ತರರಾಗಲಿ ಇಲ್ಲದ ಹಾಲ್ಟ್‌ಗಳ ವಿಷಯ ಬೇರೆ. ಬಸ್ ಸ್ಟಾಪಿನ ಹೋಲಿಕೆ ಅವುಗಳಿಗೆ ಮಾತ್ರ ಸಲ್ಲುತ್ತದೆ.

ಯಾರೂ ಕೇಳದ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ 1,507 ಮೀಟರ್ ಪ್ಲಾಟ್‌ಫಾರ್ಮ್ ನಮಗೆಲ್ಲ ಹೆಮ್ಮೆಯದು. ಅಷ್ಟು ಉದ್ದ ಇರುವುದು ಒಂದೇ ಗಾಡಿಗಾಗಿ ಅಲ್ಲ. 24 ಡಬ್ಬಿಗಳ ಗಾಡಿಯೇ 600 ಮೀಟರಿನ ಆಸುಪಾಸು ಇರುವುದರಿಂದ ಅಂಥ ಎರಡು ಗಾಡಿಗಳು ಅಲ್ಲಿ ಒಂದರ ಹಿಂದೊಂದು ನಿಲ್ಲಬಲ್ಲವು. ಎರಡೂ ಧಾರವಾಡದ ಕಡೆಗೇ ಹೊರಡುವುದಾದರೆ, ಮೊದಲನೆಯದು ಬಂದು ಮುಟ್ಟಿತೆಂದು ಉಣಕಲ್‌ನಿಂದ ಸೂಚನೆ ಬರುವವರೆಗೆ ಎರಡನೆಯದು ಕದಲುವಂತಿಲ್ಲ.