ನಮ್ಮ ಮಗಳು ‘ನೋಡಿ ಕಲಿಯುವ’ ಮಗುವಂತೆ, ನಿಜವೇ?

ಪ್ರಶ್ನೆ: ಶಾಲೆಯಲ್ಲಿ ಮಕ್ಕಳಿಂದ ಒಂದು ಪ್ರಶ್ನಾವಳಿ ತುಂಬಿಸಿಕೊಂಡು, ನಮ್ಮ ಮಗಳು ನೋಡಿ ಕಲಿಯುವವಳು, ಕೇಳಿ ಕಲಿಯುವವಳಲ್ಲ ಎಂದು ತಿಳಿಸಿದ್ದಾರೆ. ಇನ್ನು ಮನೆಯಲ್ಲೂ ಚಿತ್ರ, ವಿಡಿಯೊಗಳ ಮೂಲಕವೇ ಪಾಠ ಹೇಳಿಕೊಡಬೇಕೆ?

ಉತ್ತರ: ‘ಮೂಲಕವೇ’ ಎಂಬ ಪದದ ಕೊನೆಯಲ್ಲಿರುವ ಏಕಾರವನ್ನು ಕಿತ್ತುಹಾಕಿದರೆ ನನ್ನ ತಕರಾರಿಲ್ಲ. ಚಿತ್ರಗಳು ಒಳ್ಳೆಯವೇ. ಆದರೆ ಅವು ನಿಮ್ಮ ಮಗಳಿಗೆ ಮಾತ್ರವಲ್ಲ, ಪಕ್ಕದ ಬೆಂಚಿನ ‘ಕೇಳಿ ಕಲಿಯುವ’ ಹುಡುಗನಿಗೂ ಅಷ್ಟೇ ಒಳ್ಳೆಯವು.

ಮಕ್ಕಳಿಗೆ ಇಷ್ಟಾನಿಷ್ಟಗಳಿವೆ ಎಂಬುದನ್ನು ಯಾರೂ ಅಲ್ಲಗಳೆದಿಲ್ಲ. ಒಬ್ಬರಿಗೆ ಓದುವುದು ಹಿತ, ಇನ್ನೊಬ್ಬರಿಗೆ ಕೇಳುವುದು. ಜಗಳವಿರುವುದು ಮುಂದಿನ ಹೆಜ್ಜೆಯಲ್ಲಿ: ಇಷ್ಟವಾದ ಬಗೆಯಲ್ಲಿ ಕಲಿಸಿದರೆ ಹೆಚ್ಚು ತಲೆಗೆ ಹತ್ತುತ್ತದೆ ಎಂಬ ಮಾತಿನಲ್ಲಿ. ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಎರಡೂ ಬಗೆಯ ಮಕ್ಕಳನ್ನು ಕೂರಿಸಿ, ಪ್ರತಿ ಗುಂಪಿನ ಅರ್ಧ ಜನರಿಗೆ ಚಿತ್ರದಿಂದ, ಉಳಿದರ್ಧಕ್ಕೆ ಮಾತಿನಿಂದ ಕಲಿಸಿ, ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ನೋಡುವವರು ಚಿತ್ರದಿಂದಲೂ ಕೇಳುವವರು ಮಾತಿನಿಂದಲೂ ಹೆಚ್ಚು ಅಂಕ ಪಡೆದರೆ ಮಾತ್ರ ವಾದ ಗೆದ್ದಿತು. ಎಲ್ಲರೂ ಚಿತ್ರದಿಂದಲೇ ಚೆನ್ನಾಗಿ ಕಲಿತರೆ ಆ ಪಾಠಕ್ಕೆ ಚಿತ್ರ ಬೇಕಿತ್ತು ಎಂದಷ್ಟೇ ಅರ್ಥ.

2008ರಲ್ಲಿ ಹೆರಾಲ್ಡ್ ಪ್ಯಾಷ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು ಇಂತಹ ಪ್ರಯೋಗಗಳಿಗಾಗಿ ಸಂಶೋಧನಾ ಸಾಹಿತ್ಯವನ್ನು ಜಾಲಾಡಿದರು. ಬರಹಗಳ ರಾಶಿಯೇ ಇತ್ತು, ಸರಿಯಾದ ಪ್ರಯೋಗಗಳು ಬೆರಳೆಣಿಕೆಯಷ್ಟು. ಅವುಗಳಲ್ಲೂ ಹಲವು ಈ ವಾದಕ್ಕೆ ವಿರುದ್ಧವಾಗಿದ್ದವು. 2015ರ ಒಂದು ಪ್ರಯೋಗದಲ್ಲಿ ಒಂದೇ ಪುಸ್ತಕವನ್ನು ಕೆಲವು ವಯಸ್ಕರು ಕೇಳಿದರು, ಕೆಲವರು ಓದಿದರು. ಅವರವರ ‘ಕಲಿಕೆಯ ಶೈಲಿ’ಗೂ, ಅಂದರೆ ಇಷ್ಟದ ಬಗೆಗೂ, ಎಷ್ಟು ಅರ್ಥವಾಯಿತು ಎಂಬುದಕ್ಕೂ ಸಂಬಂಧ ಸಿಗಲಿಲ್ಲ. ವಾದ ಪೂರ್ತಿ ಮುಗಿದಿದೆಯೆಂದು ಹೇಳಿದರೆ ತಪ್ಪಾದೀತು: 2024ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಣ್ಣದೊಂದು ಲಾಭ ಕಂಡಿತು. ಆದರೆ ಮೇಲೆ ಹೇಳಿದ ಅಸಲಿ ಪರೀಕ್ಷೆಯಲ್ಲಿ ತೇರ್ಗಡೆಯಾದವು ಅಳೆದ ಫಲಿತಾಂಶಗಳಲ್ಲಿ ಸುಮಾರು ಕಾಲು ಭಾಗ ಮಾತ್ರ. ಇಷ್ಟಕ್ಕಾಗಿ ತರಗತಿಯನ್ನೇ ಬದಲಿಸಬೇಕಿಲ್ಲ ಎಂಬುದು ಆ ಸಂಶೋಧಕರದೇ ತೀರ್ಮಾನ.

ಅಂದಹಾಗೆ, ಶೈಲಿಗಳು ಮೂರೋ ನಾಲ್ಕೋ ಅಲ್ಲ. 2004ರಲ್ಲಿ ಬ್ರಿಟನ್ನಿನ ಸಂಶೋಧಕರು ಲೆಕ್ಕ ಹಾಕಿದಾಗ ಶೈಲಿಗಳನ್ನು ವಿಂಗಡಿಸುವ 71 ಬೇರೆ ಬೇರೆ ಮಾದರಿಗಳು ಚಾಲ್ತಿಯಲ್ಲಿದ್ದವು! ನಿಮ್ಮ ಮಗಳು ಇನ್ನೊಂದು ಶಾಲೆಯಲ್ಲಿದ್ದಿದ್ದರೆ ಹಣೆಪಟ್ಟಿಯೂ ಬೇರೆಯಿರುತ್ತಿತ್ತು.

ಹಾಗಿದ್ದರೂ ನಂಬಿಕೆ ಏಕೆ ಸಡಿಲವಾಗುವುದಿಲ್ಲ? 2012ರ ಸಮೀಕ್ಷೆಯೊಂದರಲ್ಲಿ ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ ಶೇ 90ಕ್ಕೂ ಹೆಚ್ಚು ಶಿಕ್ಷಕರು, ಇಷ್ಟದ ಶೈಲಿಯಲ್ಲಿ ಕಲಿಸಿದರೆ ಮಕ್ಕಳು ಹೆಚ್ಚು ಕಲಿಯುತ್ತಾರೆ ಎಂಬುದನ್ನು ಒಪ್ಪಿದ್ದರು. ಇಷ್ಟದ ಬಗೆಯಲ್ಲಿ ಓದಿದಾಗ ‘ಗೊತ್ತಾಯಿತು’ ಎಂಬ ಸಮಾಧಾನ ಬೇಗ ಹುಟ್ಟುತ್ತದೆ. ಎಷ್ಟು ನೆನಪಿರುತ್ತದೆ ಎಂಬ ಅಂದಾಜು ಶೈಲಿಯನ್ನು ಅನುಸರಿಸುತ್ತದೆ, ನಿಜವಾದ ನೆನಪು ಅನುಸರಿಸುವುದಿಲ್ಲ. ಇದೂ ಪ್ರಯೋಗದಲ್ಲಿ ಕಂಡ ಸಂಗತಿಯೇ.

ಕಲಿಸುವ ಬಗೆಯನ್ನು ನಿರ್ಧರಿಸಬೇಕಾದದ್ದು ವಿಷಯ. ನಕಾಶೆಯನ್ನು ಎಲ್ಲರೂ ನೋಡಿಯೇ ಕಲಿಯಬೇಕು. ‘ಲ’ಕಾರಕ್ಕೂ ‘ಳ’ಕಾರಕ್ಕೂ ಇರುವ ವ್ಯತ್ಯಾಸವನ್ನು ಕಿವಿ ಕೊಟ್ಟು, ನಾಲಿಗೆ ಮಡಿಸಿ ಕಲಿಯಬೇಕು. ‘ನಾನು ಕೇಳಿ ಕಲಿಯುವವನು’ ಎಂದು ದಡದಲ್ಲಿ ಕುಳಿತು ಈಜಿನ ಉಪನ್ಯಾಸ ಕೇಳುವವನು ನೀರಿಗಿಳಿದಾಗ ಏನಾದೀತೆಂದು ಊಹಿಸಿಕೊಳ್ಳಿ. (ದೃಷ್ಟಿ, ಶ್ರವಣ ಅಥವಾ ಓದಿನ ತೊಂದರೆಯಿರುವ ಮಕ್ಕಳ ವಿಚಾರ ಬೇರೆ, ಅವರಿಗೆ ಬೇಕಾದ ನೆರವು ಇಷ್ಟಾನಿಷ್ಟದ ಪ್ರಶ್ನೆಯಲ್ಲ.)

ನನಗೆ ಹೆಚ್ಚು ಚಿಂತೆ ಹಣೆಪಟ್ಟಿಯದೇ. 2023ರ ಅಧ್ಯಯನವೊಂದರಲ್ಲಿ, ಒಬ್ಬ ವಿದ್ಯಾರ್ಥಿ ನೋಡಿ ಕಲಿಯುತ್ತಾನೆ, ಇನ್ನೊಬ್ಬ ಕೈಯಾರೆ ಮಾಡಿ ಕಲಿಯುತ್ತಾನೆ ಎಂದಷ್ಟೇ ಹೇಳಿದಾಗ ತಂದೆತಾಯಿಯರೂ ಮಕ್ಕಳೂ ಮೊದಲಿನವನನ್ನೇ ಹೆಚ್ಚು ಬುದ್ಧಿವಂತನೆಂದು ಭಾವಿಸಿದರು. ನಿಮ್ಮ ಮಗಳಿಗೆ ಸಿಕ್ಕಿರುವುದು ‘ಒಳ್ಳೆಯ’ ಪಟ್ಟಿ, ನಿಜ. ಆದರೆ ನಾಳೆ ಪಾಠವೊಂದನ್ನು ಕೇಳಿಸಿಕೊಳ್ಳಲು ಬೇಸರವಾದಾಗ ‘ಅದು ನನ್ನ ಬಗೆಯಲ್ಲ’ ಎನ್ನಲು ಅವಳಿಗೊಂದು ನೆಪವೂ ಸಿಕ್ಕಿದೆ.

ಮನೆಯಲ್ಲಿ ಮಾಡಬಹುದಾದದ್ದು ಸರಳ. ಚಿತ್ರ ತೋರಿಸಿ, ಜೊತೆಗೇ ಮಾತಿನಲ್ಲಿ ವಿವರಿಸಿ. ಆಮೇಲೆ ಪುಸ್ತಕ ಮುಚ್ಚಿ, ಅದೇ ಚಿತ್ರವನ್ನು ಅವಳಿಂದ ಬರೆಸಿ, ಭಾಗಗಳ ಹೆಸರು ಹೇಳಿಸಿ. ಎರಡು ದಿನ ಬಿಟ್ಟು ಮತ್ತೆ ಕೇಳಿ. ತಡವರಿಸಿದರೆ ಗಾಬರಿಯಾಗಬೇಡಿ, ತಡವರಿಸಿ ನೆನಪಿಸಿಕೊಂಡದ್ದು ಹೆಚ್ಚು ದಿನ ಉಳಿಯುತ್ತದೆ. ಆ ಪ್ರಶ್ನಾವಳಿಯ ಹಾಳೆ ಮನೆಗೆ ಬಂದಿದ್ದರೆ, ಹಿಂಬದಿ ಖಾಲಿಯಿದೆಯೇ ನೋಡಿ. ಚಿತ್ರ ಬರೆಯಲು ಅದೇ ಸಾಕು.