ಯಂತ್ರ ಎಣಿಸಿದ್ದೆಲ್ಲ ಎಕ್ಸೋಸೋಮೇನಾ?

ಪ್ರಶ್ನೆ: ಬೀದರ್‌ನಲ್ಲಿ ಪಶುವೈದ್ಯಕೀಯ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ದೇವಣಿ ಹಸುವಿನ ಹಾಲಿನಿಂದ ಎಕ್ಸೋಸೋಮ್ (ಜೀವಕೋಶಗಳು ಹೊರಬಿಡುವ, ಪೊರೆಯಿರುವ ಅತಿ ಸಣ್ಣ ಚೀಲ) ತೆಗೆದು ಎನ್‌ಟಿಎ (ಕಣಗಳ ಗಾತ್ರ, ಸಂಖ್ಯೆ ಅಳೆಯುವ ಪರೀಕ್ಷೆ) ಮಾಡಿಸಿದೆವು. ಗ್ರಾಫ್‌ನಲ್ಲಿ 140 ನ್ಯಾನೋಮೀಟರ್ ಹತ್ತಿರ ಒಂದೇ ಶಿಖರ ಬಂದಿದೆ. ಕಣಗಳೂ ಬೇಕಾದಷ್ಟಿವೆ. ಎಕ್ಸೋಸೋಮ್ ಸಿಕ್ಕಿತು ಅಂತ ಬರೆಯಬಹುದಲ್ವಾ?

ಉತ್ತರ: ಸದ್ಯಕ್ಕೆ ಬರೆಯಬೇಡಿ. ಹಾಲೇ ಆಗಲಿ, ರಕ್ತವೇ ಆಗಲಿ, ಈ ಕೆಲಸಕ್ಕೆ ಕೈ ಹಾಕಿದವರೆಲ್ಲ ಮೊದಲು ಕೇಳುವ ಪ್ರಶ್ನೆ ಇದು. ಹಾಲಿನಲ್ಲಂತೂ ಮೋಸ ಹೋಗುವುದು ಇನ್ನೂ ಸುಲಭ.

ಎನ್‌ಟಿಎ ಯಂತ್ರ ಮಾಡುವುದು ಇಷ್ಟೇ. ದ್ರವಕ್ಕೆ ಲೇಸರ್ ಬಿಡುತ್ತದೆ. ಕಣಗಳು ಬೆಳಕನ್ನು ಚೆದುರಿಸಿ ಚುಕ್ಕೆಗಳಂತೆ ಹೊಳೆಯುತ್ತವೆ. ಕ್ಯಾಮೆರಾ ಅವುಗಳ ಓಡಾಟವನ್ನು ವಿಡಿಯೋ ಮಾಡುತ್ತದೆ. ಚಿಕ್ಕ ಕಣ ಜಾಸ್ತಿ ಓಡಾಡುತ್ತದೆ, ದೊಡ್ಡದು ಕಮ್ಮಿ. ಆ ಓಡಾಟವನ್ನು ಸ್ಟೋಕ್ಸ್-ಐನ್‌ಸ್ಟೈನ್ ಸಮೀಕರಣಕ್ಕೆ ಹಾಕಿ ವ್ಯಾಸ ಹೇಳುತ್ತದೆ. ಕಣಕ್ಕೆ ಪೊರೆ ಇದೆಯಾ, ಅದು ಜೀವಕೋಶದಿಂದ ಬಂತಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಶರಣಬಸವೇಶ್ವರರ ಜಾತ್ರೆಯಲ್ಲಿ ಮಾಳಿಗೆ ಮೇಲೆ ನಿಂತು ತಲೆ ಎಣಿಸಬಹುದು. ಯಾರು ಆಳಂದದವರು, ಯಾರು ಸೇಡಂನವರು ಅಂತ ಅಲ್ಲಿಂದ ಹೇಳೋಕಾಗಲ್ಲ.

ಈಗ ಹಾಲಿನ ವಿಷಯ. ಎಕ್ಸೋಸೋಮ್‌ಗಳ ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ಹಸುವಿನ ಹಾಲಿನ ಪ್ರೋಟೀನ್‌ನಲ್ಲಿ ಸುಮಾರು ಶೇ. 80ರಷ್ಟು ಕೇಸಿನ್. ಅದು ಬಿಡಿಬಿಡಿಯಾಗಿ ಇರುವುದಿಲ್ಲ, ಮೈಸೆಲ್ ಅನ್ನುವ ಉಂಡೆಗಳಾಗಿ ತೇಲುತ್ತದೆ. ಅವುಗಳ ಗಾತ್ರ ಹೆಚ್ಚುಕಮ್ಮಿ 50ರಿಂದ 500 ನ್ಯಾನೋಮೀಟರ್. ಎರಡೂ ಒಂದರೊಳಗೊಂದು ಬೆರೆತುಹೋಗುತ್ತವೆ. ಕೆನೆಯನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತೆಗೆದಿರುತ್ತೀರಿ, ಅದು ಸರಿ. ಆದರೆ 1,00,000 ಜಿ ಬಲದಲ್ಲಿ (ಗುರುತ್ವದ ಲಕ್ಷ ಪಟ್ಟು) ತಿರುಗಿಸಿದರೆ ವೆಸಿಕಲ್ (ಎಕ್ಸೋಸೋಮ್‌ನಂಥ ಪೊರೆಯ ಚೀಲ) ಜೊತೆಗೆ ಕೇಸಿನ್ ಕೂಡ ತಳಕ್ಕೆ ಬಂದು ಕೂರುತ್ತದೆ. ನಿಮ್ಮ ಚೆಂದದ ಶಿಖರ ಪೂರ್ತಿ ಕೇಸಿನ್‌ದೇ ಇದ್ದರೂ ಗ್ರಾಫ್ ಹಾಗೇ ಕಾಣುತ್ತದೆ.

ಇದನ್ನು ಬಿಡಿಸಲು ಒಂದು ಸರಳ ದಾರಿ ಇದೆ. ಮಾದರಿಯನ್ನು ಮೂರು ಪಾಲು ಮಾಡಿ. ಒಂದನ್ನು ಹಾಗೇ ಇಡಿ. ಇನ್ನೊಂದಕ್ಕೆ ಇಡಿಟಿಎ ಅನ್ನುವ ರಾಸಾಯನಿಕ ಹಾಕಿ. ಕೇಸಿನ್ ಉಂಡೆಯನ್ನು ಹಿಡಿದಿಟ್ಟಿರುವುದು ಕ್ಯಾಲ್ಸಿಯಂ ಫಾಸ್ಫೇಟ್. ಇಡಿಟಿಎ ಆ ಕ್ಯಾಲ್ಸಿಯಂ ಕಿತ್ತುಕೊಂಡರೆ ಉಂಡೆ ಚದುರಿಹೋಗುತ್ತದೆ. (ಕೆನೆ ತೆಗೆದ ಹಾಲಿಗೆ ಸುಮ್ನೆ ಒಮ್ಮೆ ಹಾಕಿ ನೋಡಿ. ಬಿಳುಪು ಹೋಗಿ ತಿಳಿಯಾಗುತ್ತದೆ, ನೋಡೋಕೇ ಮಜಾ.) ಮೂರನೆಯ ಪಾಲಿಗೆ ಟ್ರೈಟಾನ್ ಎಕ್ಸ್-100 ಹಾಕಿ. ಅದು ಪೊರೆಯನ್ನು ಕರಗಿಸುತ್ತದೆ. ಇಡಿಟಿಎ ಹಾಕಿದಾಗ ಎಣಿಕೆ ಕುಸಿದರೆ ನೀವು ಎಣಿಸಿದ್ದು ಕೇಸಿನ್. ಟ್ರೈಟಾನ್‌ಗೆ ಕುಸಿದರೆ ಪೊರೆಯಿರುವ ಕಣಗಳು ನಿಜವಾಗಿಯೂ ಇದ್ದವು. ಬರೀ ಬಫರ್‌ಗೂ (ಮಾದರಿ ಬೆರೆಸುವ ಪಿಬಿಎಸ್‌ನಂಥ ಉಪ್ಪಿನ ದ್ರಾವಣ) ಇವನ್ನೇ ಹಾಕಿ ಎಣಿಸಲು ಮರೆಯಬೇಡಿ. ಪಿಬಿಎಸ್‌ನಲ್ಲೂ ಕಣಗಳಿರುತ್ತವೆ, ಬಾಟಲಿ ಹೊಸದಾಗಿದ್ದರೂ.

ಒಂದೇ ಶಿಖರ ಬಂತು ಅಂತಲೂ ಜಾಸ್ತಿ ಖುಷಿ ಬೇಡ. ಇಷ್ಟು ಚಿಕ್ಕ ಕಣ ಚೆದುರಿಸುವ ಬೆಳಕು ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದರೆ 100 ನ್ಯಾನೋಮೀಟರ್‌ನ ಕಣ 50ರ ಕಣಕ್ಕಿಂತ 64 ಪಟ್ಟು ಹೊಳೆಯುತ್ತದೆ. ಪುಟ್ಟ ವೆಸಿಕಲ್‌ಗಳು ಕ್ಯಾಮೆರಾಕ್ಕೆ ಸಿಗುವುದೇ ಕಷ್ಟ. ಶಿಖರದ ಎಡಕ್ಕೆ ಖಾಲಿ ಕಂಡರೆ ಅಲ್ಲಿ ಏನೂ ಇಲ್ಲ ಅಂತಲ್ಲ.

ಬಿಸಿಲಿನದ್ದೂ ಒಂದು ಮಾತು. ನೀರು ಬಿಸಿಯಾದಷ್ಟು ತೆಳುವಾಗಿ ಕಣಗಳು ಜೋರಾಗಿ ಓಡಾಡುತ್ತವೆ. ಮೇ ತಿಂಗಳಲ್ಲಿ ಕಲಬುರಗಿಯ ಯಾವುದೋ ಲ್ಯಾಬ್‌ನಲ್ಲಿ ಕರೆಂಟ್ ಹೋಗಿ ಎಸಿ ನಿಂತಿದೆ ಅಂದುಕೊಳ್ಳಿ. ಮಾದರಿ 35 ಡಿಗ್ರಿ ಇದ್ದು, ಲೆಕ್ಕದಲ್ಲಿ 25 ಅಂತ ಉಳಿದರೆ ಗಾತ್ರ ಐದನೇ ಒಂದು ಪಾಲಿಗಿಂತ ಜಾಸ್ತಿಯೇ ಕಮ್ಮಿ ತೋರಿಸುತ್ತದೆ. ವರದಿಯಲ್ಲಿ ಉಷ್ಣತೆ ಎಷ್ಟು ಬರೆದಿದೆ ಅಂತ ನೋಡಿ.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರ ಸಿಕ್ಕರೆ ಒಳ್ಳೆಯದು. ಬಟ್ಟಲಿನ ಆಕಾರ ಕಂಡರೆ ಅದು ಮಾದರಿ ಒಣಗಿಸಿದ್ದರಿಂದ ಆದದ್ದು, ಒಣಗಿಸದೆ ಥಟ್ಟನೆ ಹೆಪ್ಪುಗಟ್ಟಿಸಿ ನೋಡುವ ಕ್ರಯೋ ವಿಧಾನದಲ್ಲಿ ಅವು ದುಂಡಗೇ ಕಾಣುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ವರದಿಯಲ್ಲಿ ಎಕ್ಸೋಸೋಮ್ ಅನ್ನದೆ ‘ಸಣ್ಣ ಇವಿ’ (ಎಕ್ಸ್‌ಟ್ರಾಸೆಲ್ಯುಲರ್ ವೆಸಿಕಲ್, ಅಂದರೆ ಕೋಶದ ಹೊರಗಿನ ವೆಸಿಕಲ್) ಅಂತಲೇ ಬರೆಯಿರಿ. ಎಕ್ಸೋಸೋಮ್ ಹುಟ್ಟುವುದು ಕೋಶದೊಳಗಿನ ಎಂಡೋಸೋಮ್ ಅನ್ನುವ ಪೊರೆಯ ಕೋಣೆಯಲ್ಲಿ. ಹಾಲಿನಿಂದ ತೆಗೆದ ಕಣ ಅಲ್ಲೇ ಹುಟ್ಟಿದ್ದು ಅಂತ ಗಾತ್ರ ನೋಡಿ ಹೇಳಲಾಗದು. ಈ ಕ್ಷೇತ್ರದವರ ಮಿಸೆವ್ 2023 ಮಾರ್ಗಸೂಚಿ ಕೂಡ ಇದನ್ನೇ ಹೇಳುತ್ತದೆ.

ಮುಂದಿನದು ವೆಸ್ಟರ್ನ್ ಬ್ಲಾಟ್, ಅಂದರೆ ಬೇಕಾದ ಪ್ರೋಟೀನ್ ಇದೆಯಾ ಅಂತ ಆಂಟಿಬಾಡಿ ಹಾಕಿ ನೋಡುವ ಪರೀಕ್ಷೆ. ವೆಸಿಕಲ್‌ಗಳಲ್ಲಿ ಇರುವ ಸಿಡಿ9, ಸಿಡಿ81, ಟಿಎಸ್‌ಜಿ101 ಪ್ರೋಟೀನ್‌ಗಳು ಇವೆಯಾ ನೋಡಿ. ಇರಬಾರದ್ದನ್ನೂ ಹುಡುಕಬೇಕು, ನಿಮ್ಮ ಮಟ್ಟಿಗೆ ಅದು ಕೇಸಿನ್. ಆಂಟಿಬಾಡಿ ಕೊಳ್ಳುವ ಮುಂಚೆ ಅದನ್ನು ಹಸುವಿನ ಮಾದರಿಯಲ್ಲಿ ಪರೀಕ್ಷಿಸಿದ್ದಾರಾ ಅಂತ ಕೇಳಿ. ಮನುಷ್ಯರ ಪ್ರೋಟೀನ್‌ಗೆಂದು ಮಾಡಿದ್ದು ಹಸುವಿನದಕ್ಕೆ ಅಂಟದೇ ಇರಬಹುದು. ಆಗ ಬ್ಲಾಟ್ ಖಾಲಿ ಬಂದರೆ, ಇರುವ ವೆಸಿಕಲ್‌ಗಳನ್ನೂ ಇಲ್ಲ ಅಂದುಕೊಂಡುಬಿಡುತ್ತೀರಿ.